ಉಷ್ಣತೆಯ ಸಾಕ್ಷ್ಯ: ಕಾಂತಬಂಧನದ ಎರಡು ಪ್ರಬಂಧಗಳ ವಿಮರ್ಶೆ

೧

ಬೈಜಿಕ ಸಂಲಯನದ ಶಕ್ತಿಯನ್ನು ಹತೋಟಿಗೆ ತರುವ ಪ್ರಯತ್ನದ ಚರಿತ್ರೆಯನ್ನು ಬರೆದವರಲ್ಲಿ ಬಹುಮಂದಿ ಅದನ್ನು ಯಂತ್ರಗಳ ಚರಿತ್ರೆಯಾಗಿಯೇ ನಿರೂಪಿಸಿದ್ದಾರೆ. ಯಾವ ದೇಶ ಯಾವ ವರ್ಷ ಎಷ್ಟು ದೊಡ್ಡ ಯಂತ್ರವನ್ನು ಕಟ್ಟಿತು, ಅದರ ಕಾಂತಕ್ಷೇತ್ರದ ಬಲವೆಷ್ಟು, ಅದರಲ್ಲಿ ಉಂಟಾದ ಉಷ್ಣತೆ ಎಷ್ಟು ಎಂಬ ವಿವರಗಳು ಇಂಥ ಬರವಣಿಗೆಯಲ್ಲಿ ಹೇರಳವಾಗಿ ದೊರೆಯುತ್ತವೆ. ಆ ಉಷ್ಣತೆಯನ್ನು ತಿಳಿದವರು ಯಾರು, ಹೇಗೆ ತಿಳಿದರು, ಅವರ ಮಾತನ್ನು ಇತರರು ಏತಕ್ಕಾಗಿ ನಂಬಬೇಕು ಎಂಬ ಪ್ರಶ್ನೆ ಮಾತ್ರ ಹಿಂದೆ ಉಳಿಯುತ್ತದೆ. ಈ ಪ್ರಶ್ನೆಯೇ ಮುಖ್ಯವಾದುದೆಂದೂ, ಅದನ್ನು ಬಿಟ್ಟರೆ ಚರಿತ್ರೆಯೂ ಅರ್ಥವಾಗದು, ಇಂದಿನ ವರದಿಗಳೂ ಅರ್ಥವಾಗವು ಎಂದೂ ನಮ್ಮ ಅಭಿಪ್ರಾಯ.

ಇದನ್ನು ಸ್ಥಾಪಿಸುವುದಕ್ಕಾಗಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಎರಡು ಪ್ರಬಂಧಗಳನ್ನು ಇಲ್ಲಿ ಪರಿಶೀಲಿಸುತ್ತೇವೆ. ಮೊದಲನೆಯದು ಇಂಗ್ಲೆಂಡಿನ ಹಾರ್ವೆಲ್ ಸಂಶೋಧನಾಲಯದಲ್ಲಿದ್ದ ಜೀಟಾ ಎಂಬ ಯಂತ್ರವನ್ನು ಕುರಿತದ್ದು. ೧೯೫೮ರ ಜನವರಿ ೨೫ರ ಸಂಚಿಕೆಯಲ್ಲಿ ಬಂದಿತು. ಎರಡನೆಯದು ಮಾಸ್ಕೋ ನಗರದ ಕುರ್ಚಾತೊವ್ ಸಂಸ್ಥೆಯ ಟಿ-೩ ಎಂಬ ಟೋಕಮಾಕ್ ಯಂತ್ರವನ್ನು ಕುರಿತದ್ದು. ೧೯೬೯ರ ನವೆಂಬರ್ ೧ರ ಸಂಚಿಕೆಯಲ್ಲಿ ಬಂದಿತು. ಎರಡೂ ಚಿಕ್ಕ ಪ್ರಬಂಧಗಳು. ಎರಡರ ತಿರುಳೂ ಒಂದು ಉಷ್ಣತೆಯ ಅಂಕಿ. ಮೊದಲನೆಯ ಘೋಷಣೆ ಪ್ರಪಂಚದ ವೃತ್ತಪತ್ರಿಕೆಗಳ ಮೊದಲ ಪುಟವನ್ನೇರಿ ಅದೇ ವರ್ಷದ ಮೇ ತಿಂಗಳಲ್ಲಿ ಕೆಳಗಿಳಿಯಿತು. ಎರಡನೆಯದು ಅಷ್ಟೇನೂ ಸದ್ದು ಮಾಡದೆ ಹಲವು ದೇಶಗಳ ಸಂಶೋಧನೆಯ ದಿಕ್ಕನ್ನೇ ಬದಲಾಯಿಸಿತು. ಮೊದಲನೆಯ ಯಂತ್ರ ದುರ್ಬಲವಾಗಿತ್ತು, ಎರಡನೆಯದು ಸಮರ್ಥವಾಗಿತ್ತು ಎಂದು ಇದಕ್ಕೆ ಕಾರಣ ಹೇಳುವುದು ರೂಢಿ. ಇದು ಸುಳ್ಳಲ್ಲ, ಆದರೆ ಅರ್ಧಸತ್ಯ.

೨

ವಿಷಯ ಪ್ರವೇಶಕ್ಕೆ ಅಗತ್ಯವಾದಷ್ಟು ಭೌತವಿಜ್ಞಾನವನ್ನು ಮೊದಲು ನೆನೆಯೋಣ. ಎರಡು ಲಘು ಪರಮಾಣು ಬೀಜಗಳು ಕೂಡಿ ಒಂದಾಗಬೇಕಾದರೆ ಅವುಗಳ ನಡುವಣ ವಿದ್ಯುತ್ ವಿಕರ್ಷಣೆಯನ್ನು ಗೆಲ್ಲುವಷ್ಟು ವೇಗ ಅವುಗಳಿಗೆ ಇರಬೇಕು. ಡ್ಯುಟೀರಿಯಂ ಮತ್ತು ಟ್ರಿಟಿಯಂ ಮಿಶ್ರಣವನ್ನು ಉಪಯೋಗಿಸುವ ಇಂದಿನ ಯೋಜನೆಗಳಲ್ಲಿ ಇದಕ್ಕಾಗಿ ಸುಮಾರು ೧೫ ಕೋಟಿ ಡಿಗ್ರಿಗಳ ಉಷ್ಣತೆಯನ್ನು ಗುರಿಯಾಗಿಟ್ಟುಕೊಳ್ಳಲಾಗಿದೆ. ಅಷ್ಟು ಕಾವಿನಲ್ಲಿ ಯಾವ ಅನಿಲವೂ ಎಲೆಕ್ಟ್ರಾನುಗಳಾಗಿಯೂ ಅಯಾನುಗಳಾಗಿಯೂ ಒಡೆದು ಪ್ಲಾಸ್ಮಾ ಸ್ಥಿತಿಯನ್ನು ಹೊಂದುತ್ತದೆ. ಅದನ್ನು ಲೋಹದ ಪಾತ್ರೆಯ ಗೋಡೆಗೆ ತಗಲಗೊಟ್ಟರೆ ಪ್ಲಾಸ್ಮಾ ತಣಿಯುತ್ತದೆ, ಗೋಡೆಯೂ ಕೆಡುತ್ತದೆ. ಆದರೆ ವಿದ್ಯುದಾವೇಶವುಳ್ಳ ಕಣಗಳು ಕಾಂತರೇಖೆಗಳನ್ನು ಸುತ್ತಿಕೊಂಡು ಚಲಿಸುತ್ತವೆಯೇ ಹೊರತು ಅವನ್ನು ಸುಲಭವಾಗಿ ಅಡ್ಡಹಾಯುವುದಿಲ್ಲ. ಆದುದರಿಂದ ಕಾಂತಕ್ಷೇತ್ರವನ್ನೇ ಗೋಡೆಯನ್ನಾಗಿ ಮಾಡಿಕೊಳ್ಳಬಹುದು. ತುದಿಗಳಿಂದ ಕಣಗಳು ಸೋರಿಹೋಗದಂತೆ ಆ ಗೋಡೆಯನ್ನು ಬಳೆಯಾಕಾರಕ್ಕೆ ಬಾಗಿಸುತ್ತಾರೆ. ಹಾಗೆ ಬಾಗಿಸಿದ ಕ್ಷೇತ್ರ ಒಳಬದಿಯಲ್ಲಿ ಹೆಚ್ಚಾಗಿ ಹೊರಬದಿಯಲ್ಲಿ ಕಡಿಮೆಯಾಗುವುದರಿಂದ ಕಣಗಳು ಪಕ್ಕಕ್ಕೆ ಸರಿಯತೊಡಗುತ್ತವೆ. ಅದನ್ನು ತಡೆಯಲು ಕಾಂತರೇಖೆಗಳನ್ನು ಹಗ್ಗದ ಎಳೆಗಳಂತೆ ಹೊಸೆಯಬೇಕಾಗುತ್ತದೆ. ಹೊಸೆಯುವ ಬಗೆ ಯಾವುದು ಎಂಬುದರಲ್ಲಿಯೇ ಪಿಂಚ್, ಸ್ಟೆಲರೇಟರ್, ಟೋಕಮಾಕ್ ಎಂಬ ಭೇದಗಳು ಹುಟ್ಟಿಕೊಂಡಿವೆ.

ಉಷ್ಣತೆಯೊಂದೇ ಸಾಲದು. ಪ್ಲಾಸ್ಮಾದ ಸಾಂದ್ರತೆ, ಅದು ತನ್ನ ಕಾವನ್ನು ಹಿಡಿದಿಡುವ ಕಾಲ ಇವೆರಡರ ಗುಣಲಬ್ಧವೂ ಒಂದು ಮಿತಿಯನ್ನು ದಾಟಬೇಕೆಂದು ಹಾರ್ವೆಲ್ಲಿನ ಲಾಸನ್ ೧೯೫೫ರಲ್ಲಿ ಲೆಕ್ಕ ಹಾಕಿ ತೋರಿಸಿದರು. ೧೯೫೭ರಲ್ಲಿ ಅದು ಪ್ರಕಟವಾಯಿತು. ಇಷ್ಟನ್ನು ಒಪ್ಪಿದ ಮೇಲೆ ತೊಡಕು ಎದುರಾಗುತ್ತದೆ. ಈ ಮೂರು ಪರಿಮಾಣಗಳನ್ನು ಅಳೆಯುವುದು ಹೇಗೆ? ಲಕ್ಷಗಟ್ಟಲೆ ಡಿಗ್ರಿಗಳ ಕಾವಿರುವ ಸ್ಥಳದಲ್ಲಿ ಉಷ್ಣತಾಮಾಪಕವನ್ನು ಅದ್ದಿ ನೋಡುವಂತಿಲ್ಲ. ಪ್ಲಾಸ್ಮಾ ಹೊರಸೂಸುವ ಬೆಳಕು, ಕಣಗಳು, ಅದು ಸುತ್ತಲಿನ ಕಾಂತಕ್ಷೇತ್ರದಲ್ಲಿ ಉಂಟುಮಾಡುವ ವ್ಯತ್ಯಾಸ ಇವುಗಳಿಂದ ಒಳಗಿನ ಸ್ಥಿತಿಯನ್ನು ಊಹಿಸಬೇಕು. ಎಂದರೆ ಇಲ್ಲಿ ಉಷ್ಣತೆ ಪ್ರತ್ಯಕ್ಷವಲ್ಲ, ಅನುಮಾನ. ಅನುಮಾನದ ಬಲವೆಲ್ಲ ಹೇತುವಿನ ಬಲ. ನಮ್ಮ ತರ್ಕಶಾಸ್ತ್ರಜ್ಞರು ಸದ್ಧೇತು ಯಾವುದು, ಹೇತ್ವಾಭಾಸ ಯಾವುದು ಎಂದು ನಡೆಸಿದ ಚರ್ಚೆ ಈ ಸಂದರ್ಭದಲ್ಲಿ ಕೇವಲ ಅಲಂಕಾರವಾಗಿರದೆ ಉಪಯೋಗಕ್ಕೇ ಬರುತ್ತದೆ.

೩

ಜೀಟಾ ಯಂತ್ರ ೧೯೫೭ರ ಆಗಸ್ಟ್ ತಿಂಗಳಲ್ಲಿ ಕೆಲಸವನ್ನಾರಂಭಿಸಿತು. ೧ ಮೀಟರ್ ವ್ಯಾಸದ ಕೊಳವೆಯನ್ನು ಬಳೆಯಾಗಿ ಬಾಗಿಸಿದ ಅಲ್ಯೂಮಿನಿಯಂ ಪಾತ್ರೆ ಅದು. ಅದರೊಳಗಣ ಡ್ಯುಟೀರಿಯಂ ಅನಿಲದಲ್ಲಿ ಕೆಲವು ಮಿಲಿಸೆಕೆಂಡುಗಳ ಕಾಲ ೨ ಲಕ್ಷ ಆಂಪಿಯರ್‌ವರೆಗಿನ ಪ್ರವಾಹವನ್ನು ಹರಿಸಿದಾಗ, ಆ ಪ್ರವಾಹದ ಕಾಂತಕ್ಷೇತ್ರವೇ ಪ್ಲಾಸ್ಮಾವನ್ನು ಗೋಡೆಯಿಂದ ಬಿಡಿಸಿ ನಡುವಿಗೆ ಹಿಸುಕುತ್ತಿತ್ತು. ಆಗಸ್ಟ್ ಕೊನೆಯಲ್ಲಿಯೇ ನ್ಯೂಟ್ರಾನುಗಳು ಕಾಣಿಸಿಕೊಂಡವು. ಡ್ಯುಟೀರಿಯಂ ಬೀಜಗಳು ಸಂಲಯನ ಹೊಂದಿದಾಗ ನ್ಯೂಟ್ರಾನುಗಳು ಹೊರಬೀಳುವುವಾದುದರಿಂದ ಸಂಶೋಧಕರು ಹಿಗ್ಗಿದುದು ಸಹಜವೇ. ಅಶುದ್ಧಿಗಳಾಗಿ ಬೆರೆತಿದ್ದ ಆಮ್ಲಜನಕ, ಸಾರಜನಕ ಅಯಾನುಗಳ ರೋಹಿತರೇಖೆಗಳು ಅಗಲವಾಗಿದ್ದುದನ್ನು ಅಳೆದು, ಆ ಅಗಲಕ್ಕೆ ಅಯಾನುಗಳ ಉಷ್ಣಚಲನೆಯೇ ಕಾರಣವೆಂದು ಭಾವಿಸಿ, ೫೦ ಲಕ್ಷ ಡಿಗ್ರಿಗಳವರೆಗಿನ ಉಷ್ಣತೆಯನ್ನು ಅವರು ಗಣಿಸಿದರು. ಆ ಉಷ್ಣತೆಗೆ ಬರಬೇಕಾದ ನ್ಯೂಟ್ರಾನುಗಳ ಸಂಖ್ಯೆಗೂ ಕಂಡ ಸಂಖ್ಯೆಗೂ ಸುಮಾರಾಗಿ ಹೊಂದಿಕೆಯಿತ್ತು.

ಪೀಟರ್ ಥೋನೆಮನ್ ಮತ್ತು ಸಂಗಡಿಗರ ಪ್ರಬಂಧವನ್ನು ಇಂದು ಓದುವವರಿಗೆ ಆಶ್ಚರ್ಯವೊಂದು ಕಾದಿದೆ. ವೃತ್ತಪತ್ರಿಕೆಗಳ ಜೀಟಾ ಬೇರೆ, ಪ್ರಬಂಧದ ಜೀಟಾ ಬೇರೆ. ನ್ಯೂಟ್ರಾನುಗಳು ಉಷ್ಣಸಂಲಯನದಿಂದಲೇ ಬಂದಿವೆಯೆನ್ನಬೇಕಾದರೆ ಅಯಾನುಗಳ ಅಡ್ಡಾದಿಡ್ಡಿ ಘರ್ಷಣೆಗಳೇ ಕಾರಣವೆಂದು ತೋರಿಸಬೇಕು. ಅದಕ್ಕಾಗಿ ನ್ಯೂಟ್ರಾನುಗಳ ಶಕ್ತಿಯನ್ನೂ ಹೊರಡುವ ದಿಕ್ಕನ್ನೂ ನಿಖರವಾಗಿ ಅಳೆಯಬೇಕು. ದೊರೆತಿರುವ ನ್ಯೂಟ್ರಾನುಗಳು ಅಷ್ಟು ನಿಖರತೆಗೆ ಸಾಲವು ಎಂಬ ಅರ್ಥದ ಮಾತುಗಳು ಪ್ರಬಂಧದಲ್ಲಿಯೇ ಇವೆ. ಎಂದರೆ ತಮ್ಮ ವಾದವನ್ನು ಮುರಿಯಬಲ್ಲ ಪರೀಕ್ಷೆಯನ್ನು ಲೇಖಕರು ತಾವೇ ಹೆಸರಿಸಿದ್ದಾರೆ. ಒಂದು ವೈಜ್ಞಾನಿಕ ಪ್ರಬಂಧದಿಂದ ಇದಕ್ಕಿಂತ ಹೆಚ್ಚಿನ ಪ್ರಾಮಾಣಿಕತೆಯನ್ನು ನಾವು ಬಯಸಲಾರೆವು. ಅದೇ ಸಂಚಿಕೆಯಲ್ಲಿ ಪ್ರಿನ್ಸ್‌ಟನ್ನಿನ ಲೈಮನ್ ಸ್ಪಿಟ್ಜರ್ ಕೂಡ, ಸಾಮಾನ್ಯ ಘರ್ಷಣೆಗಳಿಂದ ಅಯಾನುಗಳು ಅಷ್ಟು ಅಲ್ಪಕಾಲದಲ್ಲಿ ಅಷ್ಟು ಕಾಯಲಾರವು, ತಿಳಿಯದ ಬೇರೊಂದು ಕ್ರಿಯೆ ಇರಬೇಕು ಎಂದು ಸೂಚಿಸಿದ್ದರು.

ಆದರೆ ಪತ್ರಿಕಾಗೋಷ್ಠಿಯಲ್ಲಿ ಪ್ರಶ್ನೆ ಬಂದಾಗ ಹಾರ್ವೆಲ್ಲಿನ ನಿರ್ದೇಶಕ ಸರ್ ಜಾನ್ ಕಾಕ್‌ಕ್ರಾಫ್ಟ್ ಅವರು, ನ್ಯೂಟ್ರಾನುಗಳು ಉಷ್ಣಸಂಲಯನದವೆಂದು ತಮಗೆ ನೂರಕ್ಕೆ ೯೦ರಷ್ಟು ಖಚಿತವಿದೆಯೆಂದು ಉತ್ತರಿಸಿದರು. ಪ್ರಬಂಧದಲ್ಲಿದ್ದ ‘ತೋರಿಸಬೇಕು’ ಎಂಬ ವಿಧಿ ಗೋಷ್ಠಿಯಲ್ಲಿ ಒಂದು ಶೇಕಡಾಂಕವಾಗಿ ಮಾರ್ಪಟ್ಟಿತು. ನಡೆಯದ ಪರೀಕ್ಷೆಗೆ ಅಂಕವನ್ನು ಕೊಟ್ಟಂತಾಯಿತು. ಓದುಗರು ಉಳಿದ ಹತ್ತನ್ನು ಮರೆತು ತೊಂಬತ್ತನ್ನು ನೂರಾಗಿ ಓದಿದರು.

ಆ ಪರೀಕ್ಷೆಯನ್ನು ನಡೆಸಿದವರು ಹಾರ್ವೆಲ್ಲಿನವರೇ ಆದ ಬೇಸಿಲ್ ರೋಸ್ ಮತ್ತು ಅವರ ಸಹೋದ್ಯೋಗಿಗಳು. ಉಷ್ಣಚಲನೆಗೆ ದಿಕ್ಕಿಲ್ಲ, ಆದುದರಿಂದ ಉಷ್ಣಸಂಲಯನದ ನ್ಯೂಟ್ರಾನುಗಳ ಸರಾಸರಿ ಶಕ್ತಿ ಎಲ್ಲ ಕಡೆಯಿಂದಲೂ ಒಂದೇ ಆಗಿರಬೇಕು, ಸುಮಾರು ೨.೪೫ ದಶಲಕ್ಷ ಎಲೆಕ್ಟ್ರಾನ್ ವೋಲ್ಟ್. ರೋಸ್ ಅವರು ಕಂಡುದು ಬೇರೆ. ಪ್ರವಾಹದ ದಿಕ್ಕಿನಲ್ಲಿ ಬಂದ ನ್ಯೂಟ್ರಾನುಗಳ ಶಕ್ತಿ ಹೆಚ್ಚು; ಪ್ರವಾಹವನ್ನು ತಿರುಗಿಸಿದರೆ ಹೆಚ್ಚಳವೂ ತಿರುಗುತ್ತಿತ್ತು. ಪ್ಲಾಸ್ಮಾದ ಅಸ್ಥಿರತೆಯಿಂದ ಹುಟ್ಟಿದ ವಿದ್ಯುತ್‌ಕ್ಷೇತ್ರಗಳು ಕೆಲವೇ ಅಯಾನುಗಳನ್ನು ಒಂದು ದಿಕ್ಕಿಗೆ ದೂಡಿ ಇತರ ಅಯಾನುಗಳಿಗೆ ಹೊಡೆಸುತ್ತಿದ್ದವು. ನ್ಯೂಟ್ರಾನುಗಳು ಆ ಹೊಡೆತದ ಫಲ. ರೋಹಿತರೇಖೆಗಳ ಅಗಲಕ್ಕೂ ಉಷ್ಣಚಲನೆಯೊಂದೇ ಕಾರಣವಾಗಿರದೆ ಪ್ಲಾಸ್ಮಾದ ಒಟ್ಟು ಹೊಯ್ದಾಟವೂ ಸೇರಿತ್ತು. ಮೇ ತಿಂಗಳಲ್ಲಿ ಹಾರ್ವೆಲ್ ಇದನ್ನು ತಾನೇ ಪ್ರಕಟಿಸಿತು. ರೋಸ್ ಅವರ ಪ್ರಬಂಧ ಜೂನ್ ತಿಂಗಳಲ್ಲಿ ‘ನೇಚರ್’ನಲ್ಲಿ ಬಂದಿತು.

ತರ್ಕದ ಭಾಷೆಯಲ್ಲಿ ಹೇಳುವುದಾದರೆ ‘ನ್ಯೂಟ್ರಾನು ಇದೆ, ಆದುದರಿಂದ ಕಾವು ಇದೆ’ ಎಂಬುದು ಸವ್ಯಭಿಚಾರ ಹೇತು. ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ನ್ಯೂಟ್ರಾನಿನಿಂದ ಸಂಲಯನವನ್ನು ಊಹಿಸಬಹುದು; ಸಂಲಯನದಿಂದ ಕಾವನ್ನು ಊಹಿಸುವಂತಿಲ್ಲ. ಕಾವಿಲ್ಲದೆಯೂ, ಒಂದು ದಿಕ್ಕಿನ ವೇಗದಿಂದಲೇ, ಸಂಲಯನ ನಡೆಯಬಹುದು. ಇದು ಅಂದು ಯಾರಿಗೂ ತಿಳಿಯದ ಸೂಕ್ಷ್ಮವೂ ಆಗಿರಲಿಲ್ಲ. ೧೯೫೬ರ ಏಪ್ರಿಲ್‌ನಲ್ಲಿ ಇಗೊರ್ ಕುರ್ಚಾತೊವ್ ಹಾರ್ವೆಲ್ಲಿಗೇ ಬಂದು ಉಪನ್ಯಾಸ ಮಾಡಿದಾಗ, ತಮ್ಮ ದೇಶದ ಪಿಂಚ್ ಪ್ರಯೋಗಗಳಲ್ಲಿಯೂ ನ್ಯೂಟ್ರಾನುಗಳು ಕಂಡುಬಂದುವೆಂದೂ ಅವನ್ನು ಉಷ್ಣಸಂಲಯನದವೆಂದು ಎಣಿಸಬಾರದೆಂದೂ ತಿಳಿಸಿದ್ದರು. ಎಚ್ಚರಿಕೆಯ ಮಾತು ಅದೇ ಸಭಾಂಗಣದಲ್ಲಿ ಕೇಳಿತ್ತು. ಎರಡು ವರ್ಷಗಳೊಳಗೆ ಉತ್ಸಾಹ ಅದನ್ನು ಮುಚ್ಚಿಬಿಟ್ಟಿತು.

೪

ಮುಂದಿನ ಹತ್ತು ವರ್ಷಗಳು ಈ ಕ್ಷೇತ್ರದಲ್ಲಿ ನಿರಾಶೆಯ ವರ್ಷಗಳು. ಕಣಗಳು ಕಾಂತಕ್ಷೇತ್ರವನ್ನು ದಾಟಿ ಸೋರುವ ವೇಗವನ್ನು ಕುರಿತು ಡೇವಿಡ್ ಬೋಮ್ ಹಿಂದೆ ಕೊಟ್ಟಿದ್ದ ಸೂತ್ರಕ್ಕೆ ಪ್ರಿನ್ಸ್‌ಟನ್ನಿನ ಸ್ಟೆಲರೇಟರ್ ಯಂತ್ರಗಳ ಫಲಿತಾಂಶಗಳು ಹೊಂದಿಕೊಳ್ಳುತ್ತಿದ್ದವು. ಆ ಸೂತ್ರ ಎಲ್ಲೆಡೆಯೂ ನಿಜವಾದರೆ ಕಾಂತಬಂಧನದಿಂದ ಶಕ್ತ್ಯುತ್ಪಾದನೆ ಮಾಡುವ ಆಸೆಯನ್ನು ಬಿಡಬೇಕಾಗಿತ್ತು.

ಈ ಸನ್ನಿವೇಶದಲ್ಲಿ, ೧೯೬೮ರ ಆಗಸ್ಟ್‌ನಲ್ಲಿ ನೊವೊಸಿಬಿರ್ಸ್ಕ್ ನಗರದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಲೆವ್ ಆರ್ತ್ಸಿಮೊವಿಚ್ ಅವರ ತಂಡ ಟಿ-೩ ಯಂತ್ರದ ಫಲಿತಾಂಶಗಳನ್ನು ಮಂಡಿಸಿತು. ಎಲೆಕ್ಟ್ರಾನುಗಳ ಉಷ್ಣತೆ ಸುಮಾರು ೧ ಕೋಟಿ ಡಿಗ್ರಿ. ಕಾವು ನಿಲ್ಲುವ ಕಾಲ ಬೋಮ್ ಸೂತ್ರದ ಕಾಲಕ್ಕಿಂತ ಹತ್ತಾರು ಪಾಲು ಹೆಚ್ಚು. ಟೋಕಮಾಕ್ ಯಂತ್ರದ ಮೂಲಕಲ್ಪನೆ ತಾಮ್ ಮತ್ತು ಸಖರೊವ್ ಅವರದು, ೧೯೫೦-೫೧ರ ಕಾಲದ್ದು. ಜೀಟಾದಂತೆ ಇದರಲ್ಲಿಯೂ ಪ್ಲಾಸ್ಮಾದೊಳಗೆ ಪ್ರವಾಹ ಹರಿಯುತ್ತದೆ. ಆದರೆ ಬಳೆಯ ಉದ್ದಕ್ಕೆ ಹೊರಗಿನ ಸುರುಳಿಗಳಿಂದ ಬಹು ಬಲವಾದ ಕ್ಷೇತ್ರವನ್ನು ಹೂಡಿ, ಪ್ರವಾಹದ ಕ್ಷೇತ್ರವನ್ನು ಅದಕ್ಕಿಂತ ತೀರ ಕಡಿಮೆಯಾಗಿರಿಸುತ್ತಾರೆ. ಇದರಿಂದ ಕಾಂತರೇಖೆಗಳ ಹೊಸೆತ ಸಡಿಲವಾಗಿ, ಪ್ಲಾಸ್ಮಾ ಹಾವಿನಂತೆ ಹೊರಳಿ ಗೋಡೆಗೆ ಬಡಿಯುವ ಅಸ್ಥಿರತೆ ಅಡಗುತ್ತದೆ.

ಆದರೆ ಪಶ್ಚಿಮದ ವಿಜ್ಞಾನಿಗಳು ಸಂದೇಹಪಟ್ಟರು. ಅದು ಕೇವಲ ರಾಜಕೀಯದ ಸಂದೇಹವಲ್ಲ. ಮಾಸ್ಕೋದವರು ಉಷ್ಣತೆಯನ್ನು ಮುಖ್ಯವಾಗಿ ಪ್ಲಾಸ್ಮಾದ ಪ್ರತಿಕಾಂತ ಪರಿಣಾಮದಿಂದ, ಎಂದರೆ ಅದರ ಒಟ್ಟು ಒತ್ತಡದಿಂದ, ನಿರ್ಣಯಿಸಿದ್ದರು. ಒಟ್ಟು ಒತ್ತಡಕ್ಕೆ ಎಲ್ಲ ಎಲೆಕ್ಟ್ರಾನುಗಳ ಸಾಧಾರಣ ಕಾವು ಕಾರಣವಾಗಿರಬಹುದು. ಅತಿವೇಗದ ಕೆಲವೇ ಎಲೆಕ್ಟ್ರಾನುಗಳ ಗುಂಪೂ ಕಾರಣವಾಗಿರಬಹುದು. ಗಮನಿಸಿದರೆ ಇದು ಜೀಟಾದ ಪ್ರಶ್ನೆಯೇ ಇನ್ನೊಂದು ರೂಪದಲ್ಲಿ. ಕೆಲವರ ವೇಗವನ್ನು ಎಲ್ಲರ ಕಾವೆಂದು ಎಣಿಸುತ್ತಿದ್ದೇವೆಯೇ?

ಆರ್ತ್ಸಿಮೊವಿಚ್ ಇದಕ್ಕೆ ವಾದದಿಂದ ಉತ್ತರ ಕೊಡಲಿಲ್ಲ. ಇಂಗ್ಲೆಂಡಿನ ಕಲ್ಹಮ್ ಸಂಶೋಧನಾಲಯದ ಬ್ಯಾಸ್ ಪೀಸ್ ಅವರ ಮೂಲಕ ಅಲ್ಲಿನ ತಂಡವೊಂದನ್ನು ಅದರ ಉಪಕರಣಗಳೊಡನೆ ಮಾಸ್ಕೋಗೆ ಆಹ್ವಾನಿಸಿದರು. ಪೀಕಾಕ್, ರಾಬಿನ್ಸನ್, ಫಾರೆಸ್ಟ್, ವಿಲ್ಕಾಕ್ ಎಂಬವರು ಹೋದರು. ಸೋವಿಯೆಟ್ ಪಕ್ಷದ ಸಾನ್ನಿಕೊವ್ ಅವರೊಡನೆ ಸೇರಿ ಕೆಲಸ ಮಾಡಿದರು. ಅವರ ವಿಧಾನ ಥಾಮ್ಸನ್ ಚದರಿಕೆ. ಮಾಣಿಕ್ಯ ಲೇಸರಿನ ಏಕವರ್ಣದ ಬೆಳಕನ್ನು ಪ್ಲಾಸ್ಮಾದೊಳಗೆ ಹಾಯಿಸಿದರೆ ಎಲೆಕ್ಟ್ರಾನುಗಳು ಅದರ ಅತ್ಯಲ್ಪ ಭಾಗವನ್ನು ಚದರಿಸುತ್ತವೆ. ಎಲೆಕ್ಟ್ರಾನುಗಳು ಎಷ್ಟು ವೇಗವಾಗಿ ಚಲಿಸುತ್ತಿವೆಯೋ ಅಷ್ಟರಮಟ್ಟಿಗೆ ಚದರಿದ ಬೆಳಕಿನ ಬಣ್ಣ ಹರಡುತ್ತದೆ. ಈ ವಿಧಾನದ ಗುಣಗಳು ಮೂರು. ಒಂದು, ಇದು ಒಟ್ಟಾರೆ ಮೊತ್ತವನ್ನು ಅಳೆಯದೆ ನಿರ್ದಿಷ್ಟ ಸ್ಥಳದ ಸ್ಥಿತಿಯನ್ನು ಅಳೆಯುತ್ತದೆ. ಎರಡು, ಚದರಿದ ಬೆಳಕಿನ ಪ್ರಮಾಣ ಎಲೆಕ್ಟ್ರಾನುಗಳ ಸಂಖ್ಯೆಯನ್ನು ಅನುಸರಿಸುವುದರಿಂದ ಅತಿವೇಗದ ಕೆಲವೇ ಕಣಗಳು ಬಹುಸಂಖ್ಯಾತರ ಪರವಾಗಿ ಮಾತನಾಡಲಾರವು. ಮೂರು, ರೋಹಿತದ ಆಕಾರವನ್ನು ನೋಡಿಯೇ ವೇಗಗಳ ಹಂಚಿಕೆ ಉಷ್ಣಹಂಚಿಕೆಯೇ ಅಲ್ಲವೇ ಎಂಬುದನ್ನು ನಿರ್ಣಯಿಸಬಹುದು. ಎಂದರೆ ೧೯೫೮ರಲ್ಲಿ ಭಾವಿಸಿಕೊಂಡದ್ದನ್ನು ೧೯೬೯ರಲ್ಲಿ ಅಳೆದರು.

ಫಲಿತಾಂಶ ಆರ್ತ್ಸಿಮೊವಿಚ್ ಅವರ ಮಾತನ್ನು ಎತ್ತಿಹಿಡಿಯಿತು. ಬೇರೆಬೇರೆ ಸನ್ನಿವೇಶಗಳಲ್ಲಿ ೧೦೦ರಿಂದ ೧೦೦೦ ಎಲೆಕ್ಟ್ರಾನ್ ವೋಲ್ಟುಗಳವರೆಗೆ, ಎಂದರೆ ಸುಮಾರು ೧ ಕೋಟಿ ಡಿಗ್ರಿಯವರೆಗೆ, ಎಲೆಕ್ಟ್ರಾನುಗಳ ಉಷ್ಣತೆ ಇದ್ದುದು ಸ್ಥಿರಪಟ್ಟಿತು. ಪ್ರಿನ್ಸ್‌ಟನ್ನಿನವರು ತಮ್ಮ ಸಿ ಮಾದರಿಯ ಸ್ಟೆಲರೇಟರನ್ನೇ ಟೋಕಮಾಕ್ ಆಗಿ ಮಾರ್ಪಡಿಸಿ ೧೯೭೦ರಲ್ಲಿ ಕೆಲಸಕ್ಕೆ ತೊಡಗಿಸಿದರು.

ಈ ಪ್ರಬಂಧವನ್ನೂ ವಿಮರ್ಶಕನ ಕಣ್ಣಿನಿಂದ ನೋಡಬೇಕು. ಅದು ಅಳೆದುದು ಎಲೆಕ್ಟ್ರಾನುಗಳ ಉಷ್ಣತೆಯನ್ನೇ ಹೊರತು, ಸಂಲಯನ ಹೊಂದಬೇಕಾದ ಅಯಾನುಗಳ ಉಷ್ಣತೆಯನ್ನಲ್ಲ. ಅವುಗಳ ಉಷ್ಣತೆ ಇದಕ್ಕಿಂತ ಕಡಿಮೆಯಾಗಿತ್ತು. ಕಾವು ನಿಲ್ಲುವ ಕಾಲವನ್ನೂ ಅದು ನೇರವಾಗಿ ಅಳೆಯಲಿಲ್ಲ. ಮಾಸ್ಕೋದವರ ಹಳೆಯ ಅಳತೆಗಳು ನಂಬತಕ್ಕವೆಂದು ತೋರಿಸಿಕೊಟ್ಟಿತು, ಅಷ್ಟೆ. ಸಂಲಯನ ಸಾಧ್ಯವಾಯಿತೆಂದು ಅದು ಎಲ್ಲಿಯೂ ಹೇಳುವುದಿಲ್ಲ. ಅದರ ಹಿರಿಮೆ ಇರುವುದು ಈ ಮಿತಿಯಲ್ಲಿಯೇ. ಒಂದು ಪ್ರಶ್ನೆಯನ್ನು ಎತ್ತಿಕೊಂಡು ಅದೊಂದಕ್ಕೇ ಉತ್ತರ ಕೊಟ್ಟಿತು. ಯಂತ್ರವನ್ನು ಕಟ್ಟಿದವರ ಊಹೆಗಳನ್ನು ಆಶ್ರಯಿಸದ ಉಪಕರಣದಿಂದ, ಫಲಿತಾಂಶ ಹೀಗೆಯೇ ಬರಬೇಕೆಂಬ ಆಸಕ್ತಿಯಿಲ್ಲದ ಕೈಗಳಿಂದ ಕೊಟ್ಟಿತು.

ಇಂಗ್ಲೆಂಡ್ ಸೋತಿತು, ರಷ್ಯ ಗೆದ್ದಿತು ಎಂದು ಈ ಎರಡು ಘಟನೆಗಳನ್ನು ಜೋಡಿಸುವವರು ಒಂದು ವಿಷಯವನ್ನು ಮರೆಯುತ್ತಾರೆ. ಹಾರ್ವೆಲ್ಲಿನ ಸಂಲಯನ ವಿಭಾಗವೇ ಮುಂದೆ ಕಲ್ಹಮ್ ಸಂಶೋಧನಾಲಯವಾಗಿ ಬೆಳೆಯಿತು. ಜೀಟಾ ಯಂತ್ರ ೧೯೬೮ರವರೆಗೆ ಕೆಲಸ ಮಾಡುತ್ತಲೇ ಇದ್ದು, ಪ್ಲಾಸ್ಮಾವನ್ನು ಅಳೆಯುವ ವಿದ್ಯೆಗೆ ಒಳ್ಳೆಯ ಗರಡಿಮನೆಯಾಯಿತು. ೧೯೫೮ರಲ್ಲಿ ಸಾಕ್ಷ್ಯದ ಕೊರತೆಯಿಂದ ಎಡವಿದ ಪರಂಪರೆಯೇ ೧೯೬೯ರಲ್ಲಿ ಮಾಸ್ಕೋಗೆ ಸಾಕ್ಷಿಯಾಗಿ ಹೋಯಿತು. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ನಮ್ಮ ಗಾದೆಗೆ ವಿಜ್ಞಾನದ ಚರಿತ್ರೆಯಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆಗಳು ಬಹಳ ಇರಲಾರವು.

೫

ಇಷ್ಟು ಹಳೆಯ ಸಂಗತಿಯನ್ನು ಇಂದು ಎತ್ತಿ ಆಡುವುದೇಕೆ? ಕಾರಣವೇನೆಂದರೆ, ಅಂಕಿಯನ್ನು ಅದರ ಆಧಾರದಿಂದ ಬಿಡಿಸಿ ಸಾರುವ ಅಭ್ಯಾಸ ಇನ್ನೂ ಹೋಗಿಲ್ಲ. ಇಂದು ಅಳತೆಗಳು ಬಹುಮಟ್ಟಿಗೆ ಸರಿಯಾಗಿಯೇ ಇರುತ್ತವೆ. ಯಾವುದನ್ನು ಅಳೆದರೆಂಬುದು ಮಾತ್ರ ಮಸುಕಾಗುತ್ತದೆ. ಕಲ್ಹಮ್‌ನಲ್ಲಿದ್ದ ಜೆಟ್ ಎಂಬ ಟೋಕಮಾಕ್ ೧೯೯೭ರಲ್ಲಿ ೧೬ ಮೆಗಾವಾಟ್ ಸಂಲಯನ ಸಾಮರ್ಥ್ಯವನ್ನು ಕ್ಷಣಕಾಲ ತೋರಿಸಿತು. ಪ್ಲಾಸ್ಮಾವನ್ನು ಕಾಯಿಸಲು ಒದಗಿಸಿದ್ದು ಸುಮಾರು ೨೪ ಮೆಗಾವಾಟ್. ಅದೇ ಯಂತ್ರ ತನ್ನ ಕೊನೆಯ ವರ್ಷವಾದ ೨೦೨೩ರಲ್ಲಿ ಸುಮಾರು ೫ ಸೆಕೆಂಡುಗಳಲ್ಲಿ ೬೯ ಮೆಗಾಜೂಲ್ ಶಕ್ತಿಯನ್ನು ಹೊರಗೆಡವಿತು. ಎರಡೂ ದಾಖಲೆಗಳೇ, ಆದರೆ ಎರಡನೆಯದರ ಸರಾಸರಿ ಸಾಮರ್ಥ್ಯ ೧೪ ಮೆಗಾವಾಟನ್ನೂ ಮುಟ್ಟುವುದಿಲ್ಲ. ಒಂದು ಸಾಮರ್ಥ್ಯದ ದಾಖಲೆ, ಇನ್ನೊಂದು ಒಟ್ಟು ಶಕ್ತಿಯ ದಾಖಲೆ. ೨೦೨೫ರಲ್ಲಿ ಚೀನದ ಈಸ್ಟ್ ಯಂತ್ರ ೧೦೬೬ ಸೆಕೆಂಡುಗಳನ್ನೂ ಫ್ರಾನ್ಸಿನ ವೆಸ್ಟ್ ಯಂತ್ರ ೧೩೩೭ ಸೆಕೆಂಡುಗಳನ್ನೂ ಮುಟ್ಟಿದುದು ಕಾಲದ ದಾಖಲೆ. ಅಲ್ಲಿ ಗಮನಾರ್ಹವಾದ ಸಂಲಯನಶಕ್ತಿ ಹುಟ್ಟಲಿಲ್ಲ, ಹುಟ್ಟಿಸುವ ಉದ್ದೇಶವೂ ಇರಲಿಲ್ಲ. ಲಾಸನ್ ಅವರ ಲೆಕ್ಕ ಸಾಂದ್ರತೆ, ಉಷ್ಣತೆ, ಕಾಲ ಮೂರನ್ನೂ ಒಂದೇ ಪ್ಲಾಸ್ಮಾದಲ್ಲಿ, ಒಂದೇ ಸಮಯದಲ್ಲಿ ಕೇಳುತ್ತದೆ. ಬೇರೆಬೇರೆ ಯಂತ್ರಗಳ ಬೇರೆಬೇರೆ ದಾಖಲೆಗಳನ್ನು ಸಾಲಾಗಿಟ್ಟರೆ ಪ್ರಗತಿಯ ಚಿತ್ರ ದೊರೆತೀತು, ಆ ಲೆಕ್ಕದ ಉತ್ತರ ದೊರೆಯದು.

ಎಲ್ಲಕ್ಕಿಂತ ಹೆಚ್ಚು ಎಚ್ಚರಿಕೆ ಬೇಕಾದುದು ಸಂಲಯನದಿಂದ ಬಂದ ಸಾಮರ್ಥ್ಯಕ್ಕೂ ಪ್ಲಾಸ್ಮಾಕ್ಕೆ ಕೊಟ್ಟ ಸಾಮರ್ಥ್ಯಕ್ಕೂ ಇರುವ ಅನುಪಾತದ ವಿಷಯದಲ್ಲಿ. ಫ್ರಾನ್ಸಿನ ಕಾದರಾಶ್‌ನಲ್ಲಿ ನಿರ್ಮಾಣವಾಗುತ್ತಿರುವ ಈಟರ್ ಯಂತ್ರದ ಗುರಿ ೫೦ ಮೆಗಾವಾಟ್ ಕೊಟ್ಟು ೫೦೦ ಮೆಗಾವಾಟ್ ಪಡೆಯುವುದು. ಈ ಹತ್ತರ ಅನುಪಾತವನ್ನು ಕನ್ನಡದಲ್ಲಿ ‘ಲಾಭ’ವೆಂದು ಕರೆದರೆ, ಅಂಗಡಿಯ ಲೆಕ್ಕ ಬಲ್ಲ ಓದುಗ ಒಂದು ರೂಪಾಯಿಗೆ ಹತ್ತು ರೂಪಾಯಿ ಬಂದಿತೆಂದೇ ತಿಳಿಯುತ್ತಾನೆ. ಆದರೆ ಛೇದದಲ್ಲಿರುವುದು ಪ್ಲಾಸ್ಮಾಕ್ಕೆ ಸೇರಿದ ಕಾವು ಮಾತ್ರ. ಆ ಕಾವನ್ನು ಉತ್ಪಾದಿಸುವಾಗ ಆಗುವ ನಷ್ಟ, ಸುರುಳಿಗಳನ್ನು ತಣ್ಣಗಿಡುವ ವೆಚ್ಚ ಅದರಲ್ಲಿ ಸೇರಿಲ್ಲ. ಅಂಶದಲ್ಲಿರುವುದೂ ಶಾಖವೇ ಹೊರತು ವಿದ್ಯುತ್ತಲ್ಲ. ಈಟರ್‌ನಲ್ಲಿ ವಿದ್ಯುತ್ತನ್ನು ಉತ್ಪಾದಿಸುವ ಏರ್ಪಾಡೇ ಇಲ್ಲ; ಅದು ಪ್ರಯೋಗಶಾಲೆ. ಕಾಂತಬಂಧನಕ್ಕೆ ಸೇರದ ಲೇಸರ್ ಸಂಲಯನದಲ್ಲಿಯೂ ಇದೇ ತೊಡಕು ಕಂಡಿತು. ೨೦೨೨ರ ಡಿಸೆಂಬರ್‌ನಲ್ಲಿ ಅಮೆರಿಕದ ಪ್ರಯೋಗದಲ್ಲಿ ೨.೦೫ ಮೆಗಾಜೂಲ್ ಬೆಳಕಿಗೆ ೩.೧೫ ಮೆಗಾಜೂಲ್ ಸಂಲಯನಶಕ್ತಿ ಬಂದಿತು. ಆ ಬೆಳಕನ್ನು ಹುಟ್ಟಿಸಲು ವಿದ್ಯುತ್ ಜಾಲದಿಂದ ಪಡೆದದ್ದು ಸುಮಾರು ೩೦೦ ಮೆಗಾಜೂಲ್. ಆದುದರಿಂದ ‘ಲಾಭ’ ಎಂಬ ಪದವನ್ನು ಬಿಟ್ಟು ‘ವೃದ್ಧಿಗುಣಕ’ ಎಂಬಂಥ ಪದವನ್ನು ಬಳಸುವುದೂ, ಬಳಸಿದಾಗಲೆಲ್ಲ ಛೇದವನ್ನು ಬಿಡಿಸಿ ಹೇಳುವುದೂ ಉಚಿತವೆಂದು ಸೂಚಿಸುತ್ತೇವೆ.

ಈ ಎಚ್ಚರಿಕೆ ನಮಗೆ ಪರರ ವಿಷಯವಲ್ಲ. ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಕೆಲವು ವರ್ಷ ದುಡಿದಿದ್ದ ಹೋಮಿ ಭಾಭಾ ಅವರು ೧೯೫೫ರ ಜಿನೀವಾ ಸಮ್ಮೇಳನದ ಅಧ್ಯಕ್ಷಪೀಠದಿಂದ, ಎರಡು ದಶಕಗಳಲ್ಲಿ ಸಂಲಯನಶಕ್ತಿ ಹತೋಟಿಗೆ ಬರುವುದೆಂದು ಭವಿಷ್ಯ ನುಡಿದಿದ್ದರು. ಅದು ಆಶಯದ ಮಾತು, ಅಳತೆಯ ಮಾತಲ್ಲ. ಹಾಗೆಂದೇ ಅದನ್ನು ಓದಬೇಕು. ಗಾಂಧಿನಗರದ ಸಮೀಪದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲಿ ಆದಿತ್ಯ ಟೋಕಮಾಕ್ ೧೯೮೯ರಲ್ಲಿ ಕೆಲಸಕ್ಕೆ ತೊಡಗಿತು. ೨೦೦೫ರ ಕೊನೆಯಲ್ಲಿ ಭಾರತ ಈಟರ್ ಯೋಜನೆಯನ್ನು ಸೇರಿತು. ಅದರ ಬೃಹತ್ ಶೀತಕವಚ ಭಾರತದ ಕೊಡುಗೆ. ೨೦೨೪ರ ಪರಿಷ್ಕೃತ ಯೋಜನೆಯ ಪ್ರಕಾರ ಅಲ್ಲಿ ಡ್ಯುಟೀರಿಯಂ-ಟ್ರಿಟಿಯಂ ಪ್ರಯೋಗಗಳು ೨೦೩೯ರಲ್ಲಿ ಆರಂಭವಾಗಬೇಕು. ಸಾರ್ವಜನಿಕರ ಹಣ ಇಷ್ಟು ದೀರ್ಘಕಾಲ ಒಂದು ವಿದ್ಯೆಗೆ ಹರಿಯಬೇಕಾದರೆ ಸಾರ್ವಜನಿಕರ ನಂಬಿಕೆಯೂ ಅಷ್ಟೇ ಕಾಲ ಬಾಳಬೇಕು. ಉಬ್ಬಿಸಿದ ಅಂಕಿಯಿಂದ ಬಂದ ನಂಬಿಕೆ ಎಷ್ಟು ದಿನ ಬಾಳುತ್ತದೆಂಬುದನ್ನು ಜೀಟಾ ತೋರಿಸಿತು: ಜನವರಿಯಿಂದ ಮೇವರೆಗೆ.

ಕಾಂತಬಂಧನದ ಪ್ರಗತಿ ನಿಜವಾದುದು. ಟಿ-೩ ಕಾಲದ ಒಂದು ಕೋಟಿ ಡಿಗ್ರಿಯಿಂದ ಇಂದು ಹದಿನೈದು ಕೋಟಿಯವರೆಗೆ ನಡೆದುಬಂದ ದಾರಿ ಸಣ್ಣದಲ್ಲ; ಅದನ್ನು ಕಡೆಗಣಿಸುವುದೂ ಉಬ್ಬಿಸುವಷ್ಟೇ ತಪ್ಪು. ನಮ್ಮ ಆಗ್ರಹ ಇಷ್ಟೇ: ಈ ಕ್ಷೇತ್ರದ ಪ್ರತಿಯೊಂದು ಹೊಸ ಅಂಕಿ ಕೈಗೆ ಬಂದಾಗಲೂ ಇದು ಯಾವುದರ ಅಳತೆ, ಯಾವ ಉಪಕರಣದ ಓದು, ಇದನ್ನು ಸುಳ್ಳೆಂದು ತೋರಿಸಬಲ್ಲ ಪರೀಕ್ಷೆ ಯಾವುದು, ಅದನ್ನು ನಡೆಸಿದವರು ಯಾರು ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಥೋನೆಮನ್ ಅವರ ಪ್ರಬಂಧ ಮೂರನೆಯ ಪ್ರಶ್ನೆಯನ್ನು ಸ್ವತಃ ಕೇಳಿಕೊಂಡಿತ್ತು. ನಾಲ್ಕನೆಯದಕ್ಕೆ ಉತ್ತರ ಬರುವವರೆಗೆ ಕಾಯುವ ತಾಳ್ಮೆ ಮಾತ್ರ ಅದರ ಸುತ್ತಲಿದ್ದವರಿಗೆ ಇರಲಿಲ್ಲ. ಆರ್ತ್ಸಿಮೊವಿಚ್ ಅವರು ನಾಲ್ಕನೆಯ ಪ್ರಶ್ನೆಗೆ ತಮ್ಮ ಪ್ರತಿಸ್ಪರ್ಧಿಗಳನ್ನೇ ಉತ್ತರವಾಗಿ ಕರೆಸಿಕೊಂಡರು.